ಗೃಹ ಗ್ರಂಥಾಲಯ: ‘ಚೆಮ್ಮೀನ್’, ಅಥವಾ ಸಾಲದಲ್ಲಿ ಬೆಳೆದ ಸ್ನೇಹ

ಜೊತೆಯಲ್ಲಿ ಆಡಿ ಬೆಳೆದ ಹುಡುಗ ಹುಡುಗಿಯರ ಸ್ನೇಹವು, ಪ್ರಾಯ ಬಂದೊಡನೆ, ಅವರಿಗೇ ಅರಿವಾಗದಂತೆ ಪ್ರೇಮವಾಗಿ ತಿರುಗುವ ಕಥೆಗಳಿಗೆ ಇಂದು ಕೊರತೆಯಿಲ್ಲ. ಅವುಗಳನ್ನು ಕಡಲತೀರದ ಯಾವುದಾದರೊಂದು ಚಿಕ್ಕ ಊರಿನಲ್ಲಿ ನಡೆಸುವುದೂ ಗ್ರಂಥಕರ್ತರಿಗೆ ಅಭ್ಯಾಸವಾಗಿ ಹೋಗಿದೆ. ಅಲ್ಲಿ ಬೆಳದಿಂಗಳು ಬೇಕೆಂದಾಗ ಬರುವುದು; ಅಲೆಗಳು ಸಮಯ ನೋಡಿ ಮೊರೆಯುವುವು; ದೋಣಿಗಳು ಚಿತ್ರಪಟದಲ್ಲಿ ಬರೆದವುಗಳಂತೆ ಸಾಲಾಗಿ ಮಲಗಿರುವುವು. ಆದರೆ ಆ ದೋಣಿ ಯಾರದು, ಅದನ್ನು ಕೊಂಡ ಹಣ ಎಲ್ಲಿಂದ ಬಂದಿತು, ಅಂದಿನ ಮೀನು ಯಾರ ಬುಟ್ಟಿಗೆ ಯಾವ ದರದಲ್ಲಿ ಹೋಯಿತು ಎಂದು ಕೇಳುವ ಗೊಡವೆಗೆ ಅಂತಹ ಕಾದಂಬರಿಕಾರರು ಹೋಗುವುದಿಲ್ಲ. ಮೀನುಗಾರರ ಊರಿನಲ್ಲಿ ಮೀನಿನ ಲೆಕ್ಕವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇರುವ ಪುಸ್ತಕಗಳಿವು.

ಈ ತಿಂಗಳು ನಾವು ಮನೆಯ ಓದಿಗಾಗಿ ಆರಿಸಿರುವ ಕಾದಂಬರಿಯು ಈ ಜಾತಿಯದಲ್ಲ. ಮಲಯಾಳದ ಪ್ರಸಿದ್ಧ ಲೇಖಕರಾದ ತಕಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ ಎಂಬುದೇ ಅದು. ಚೆಮ್ಮೀನ್ ಎಂದರೆ ನಮ್ಮ ಕರಾವಳಿಯವರ ಸಿಗಡಿ. ೧೯೫೬ರಲ್ಲಿ ಅಚ್ಚಾದ ಈ ಗ್ರಂಥಕ್ಕೆ ಮರುವರ್ಷವೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವು ದೊರೆಯಿತು. ಅಲ್ಲಿಂದೀಚೆಗೆ ಅದು ನಮ್ಮ ದೇಶದ ಅನೇಕ ಭಾಷೆಗಳಿಗೂ, ಹೊರದೇಶದ ಭಾಷೆಗಳಿಗೂ ಪರಿವರ್ತನೆಗೊಂಡು ಸಂಚರಿಸಿದೆ. ತಕಳಿಯವರು ೧೯೧೨ರಲ್ಲಿ ಹುಟ್ಟಿ ೧೯೯೯ರಲ್ಲಿ ತೀರಿಕೊಂಡರು; ೧೯೮೪ರ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಸಂದಿತು. ಹುಟ್ಟಿದ್ದು ಕುಟ್ಟನಾಡಿನ ತಕಳಿ ಎಂಬ ಗ್ರಾಮದ ಬೇಸಾಯಗಾರರ ಮನೆಯಲ್ಲಿ. ಹೊಟ್ಟೆಪಾಡಿಗೆ ಹಿಡಿದದ್ದು ಕಡಲಿಗೆ ಹತ್ತಿರದ ಅಂಬಲಪ್ಪುಳೆಯಲ್ಲಿ ವಕೀಲಿ ವೃತ್ತಿ. ಈ ಎರಡನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಸಾಲಕೊಟ್ಟವನು ಹೇಗೆ ಮಾತನಾಡುತ್ತಾನೆ, ಸಾಲ ತಂದವನು ಹೇಗೆ ಮುಖ ತಿರುಗಿಸುತ್ತಾನೆ ಎಂಬುದನ್ನು ಬಲ್ಲವರ ಬರಹವಿದು ಎಂದು ನಮಗೆ ಪುಟಪುಟದಲ್ಲಿಯೂ ತೋರಿತು.

ಕಥೆ ನಡೆಯುವ ತೀರವು ಆಲಪ್ಪುಳೆಯ ದಕ್ಷಿಣಕ್ಕೆ ಹಬ್ಬಿರುವ ಮರಳುಪಟ್ಟಿ. ಅಂಬಲಪ್ಪುಳೆ, ಪುರಕ್ಕಾಡು, ತೃಕ್ಕುನ್ನಪ್ಪುಳೆ ಎಂದು ಊರುಗಳು ಒಂದರ ಬಾಲಕ್ಕೊಂದು ಹೊಂದಿಕೊಂಡಂತಿವೆ. ಈ ಕಡಲಿಗೆ ಮಿಕ್ಕ ಕಡಲುಗಳಿಗಿಲ್ಲದ ಒಂದು ಗುಣವುಂಟು. ಮುಂಗಾರು ಹೊಡೆದು ಪಡುವಣ ತೀರದುದ್ದಕ್ಕೂ ದೋಣಿ ಇಳಿಸಲಾಗದೆ ಬೆಸ್ತರು ಕೈಕಟ್ಟಿ ಕುಳಿತಿರುವಾಗ, ಇಲ್ಲಿ ಕೆಲವು ಸ್ಥಳಗಳಲ್ಲಿ ತಳದ ನಯವಾದ ಕೆಸರು ಕದಡಿ ಮೇಲೆದ್ದು ನೀರಿನಲ್ಲಿ ಬೆರೆಯುತ್ತದೆ. ಆ ಕೆಸರುನೀರು ಅಲೆಗಳ ಬಲವನ್ನು ನುಂಗಿಬಿಡುವುದರಿಂದ ಅಷ್ಟು ಪ್ರದೇಶ ಮಾತ್ರ ಕೆರೆಯಂತೆ ತಣ್ಣಗಾಗುತ್ತದೆ. ಮೀನುಗಳೂ ಹಿಂಡುಹಿಂಡಾಗಿ ಅಲ್ಲಿಗೆ ಬಂದು ಸೇರುತ್ತವೆ. ಇದಕ್ಕೆ ಚಾಕರೆ ಎಂದು ಹೆಸರು. ಚಾಕರೆ ಬಿದ್ದ ತೀರಕ್ಕೆ ದೂರದೂರದ ದೋಣಿಗಳು ಬರುತ್ತವೆ. ಚಹದ ಅಂಗಡಿಗಳು, ಬಟ್ಟೆಯ ಅಂಗಡಿಗಳು ಏಳುತ್ತವೆ. ವರ್ಷದ ಸಾಲವೆಲ್ಲ ತೀರಬೇಕಾದುದೂ, ಹೊಸ ಸಾಲವೆಲ್ಲ ಆರಂಭವಾಗುವುದೂ ಆಗಲೇ. ಅದು ಕಳೆದ ಮೇಲೆ ಉಪವಾಸ. ನಮ್ಮ ರೈತನಿಗೆ ಮಳೆ ಹೇಗೋ ಅವರಿಗೆ ಚಾಕರೆ ಹಾಗೆ.

ಈ ತೀರದಲ್ಲಿ ಎರಡು ಬಗೆಯ ಜನ. ಕಡಲಿಗೆ ಹೋಗಿ ಮೀನು ಹಿಡಿದು ತರುವವರು ಒಂದು. ಮರಳಿನ ಮೇಲೆ ಗುಡಾರ ಕಟ್ಟಿ, ಬಂದ ಮೀನನ್ನು ಕೊಂಡು, ಬೇಯಿಸಿ, ಒಣಗಿಸಿ, ಹೊರ ಊರಿನ ದೊಡ್ಡ ವ್ಯಾಪಾರಿಗಳಿಗೆ ಸಾಗಿಸುವವರು ಇನ್ನೊಂದು. ಒಣಸಿಗಡಿಯು ಹಡಗು ಹತ್ತಿ ರಂಗೂನಿನವರೆಗೂ ಹೋಗುತ್ತಿದ್ದ ಕಾಲವದು. ಕೊಳ್ಳುವವನು ಮುಂಗಡ ಕೊಡುವನು. ಹಿಡಿಯುವವನು ಮೀನನ್ನು ಅವನಿಗೇ ಹಾಕಬೇಕು. ಕಾದಂಬರಿಯ ನಾಯಕಿ ಕರುತ್ತಮ್ಮನು ಮೊದಲನೆಯ ಬಗೆಯವರ ಮಗಳು, ಮುಕ್ಕುವರ ಹುಡುಗಿ. ನಾಯಕ ಪರೀಕುಟ್ಟಿಯು ಎರಡನೆಯ ಬಗೆಯವನು, ಮುಸಲ್ಮಾನರ ಹುಡುಗ. ಇವನು ಮಗುವಾಗಿದ್ದಾಗ ತಂದೆಯ ಕೈ ಹಿಡಿದುಕೊಂಡು ಮೊದಲ ಬಾರಿಗೆ ಆ ತೀರಕ್ಕೆ ಬಂದನು. ಅಲ್ಲಿ ಮರಳಾಟದಲ್ಲಿದ್ದ ಹುಡುಗಿಯು ಅವನಿಗೆ ಕಡಲಿನ ಚಿಪ್ಪೊಂದನ್ನು ಆರಿಸಿಕೊಟ್ಟಳು. ಹೀಗೆ ಆರಂಭವಾದ ಸ್ನೇಹವು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಡೆದುಕೊಂಡು ಬಂದಿತು. ಮಕ್ಕಳ ಸ್ನೇಹವಷ್ಟೆ ಎಂದು ಹಿರಿಯರು ಸುಮ್ಮನಿದ್ದರು.

ಆ ಸ್ನೇಹವು ಪ್ರೇಮವಾಗುವ ಗಳಿಗೆಯನ್ನು ತಕಳಿಯವರು ಪುಸ್ತಕದ ಮೊದಲಿನಲ್ಲಿಯೇ ಇಟ್ಟಿದ್ದಾರೆ. ಅದು ಎಂತಹ ಗಳಿಗೆ! ದೋಣಿಯ ಮರೆಯಲ್ಲಿ ಇಬ್ಬರೂ ನಿಂತಿದ್ದಾರೆ. ತನ್ನ ತಂದೆ ದೋಣಿಯನ್ನೂ ಬಲೆಯನ್ನೂ ಕೊಳ್ಳಲಿರುವನೆಂದು ಹುಡುಗಿ ಹೇಳುವಳು. ಹಣ ಸ್ವಲ್ಪ ಸಾಲದು, ಕೊಡುವೆಯಾ ಎಂದು ಕೇಳುವಳು. ಕೊಟ್ಟರೆ ಮೀನನ್ನು ತನಗೇ ಮಾರುವಿರಾ ಎಂದು ಅವನು ಕೇಳುವನು. ಒಳ್ಳೆಯ ಬೆಲೆ ಕೊಟ್ಟರೆ ಮಾರುವೆವು ಎಂದು ಅವಳು. ಇದರಲ್ಲಿ ನಗತಕ್ಕುದೇನೂ ಇಲ್ಲ. ಆದರೂ ಇಬ್ಬರೂ ನಗುವರು, ನಗು ತಡೆಯದೆ ಕಣ್ಣಲ್ಲಿ ನೀರು ಬರುವಷ್ಟು ನಗುವರು. ಆ ನಗುವಿನ ನಡುವೆ ಅವನ ನೋಟವು ಬೇರೆಯಾದುದನ್ನು ಅವಳು ಕಂಡು, ತನ್ನ ಮೈಮೇಲೆ ಬಟ್ಟೆ ಸಾಲದೆಂಬುದು ಆಗ ತಾನೇ ತಿಳಿದು, ಕೈಗಳಿಂದ ಎದೆ ಮುಚ್ಚಿಕೊಂಡು ಗದರುವಳು. ತಾಯಿ ಕರೆಯುವಳು, ಹುಡುಗಿ ಓಡುವಳು. ಸ್ನೇಹವು ಅಲ್ಲಿಗೆ ಮುಗಿಯಿತು, ಮತ್ತೊಂದು ಆರಂಭವಾಯಿತು. ವಾಚಕರು ಗಮನಿಸಬೇಕಾದುದೇನೆಂದರೆ, ಪ್ರೇಮದ ಮೊದಲ ಮಾತೂ ಸಾಲದ ಮೊದಲ ಮಾತೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಬಂದುವು. ಇವೆರಡೂ ಪುಸ್ತಕದ ಕೊನೆಯವರೆಗೆ ಬೇರೆಯಾಗುವುದೇ ಇಲ್ಲ.

ಇನ್ನೊಂದು ಸಣ್ಣ ವಿಷಯ. ಕರುತ್ತಮ್ಮನು ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಕೊಚ್ಚುಮೊದಲಾಳಿ’ ಎಂದೇ ಕರೆಯುವಳು. ಚಿಕ್ಕ ಧಣಿ ಎಂದು ಅದರ ಅರ್ಥ. ಚಿಪ್ಪು ಕೊಟ್ಟ ಕೈ ಅವಳದು, ಅವನ ಜೊತೆಯಲ್ಲಿ ಕುಣಿದಾಡಿದವಳು ಅವಳು. ಆದರೂ ನಾಲಗೆಯ ಮೇಲೆ ಬರುವುದು ಚಿಕ್ಕ ಧಣಿ ಎಂಬ ಮಾತು. ಸ್ನೇಹಕ್ಕೆ ಸಮಾನತೆ ಬೇಕೆಂದು ನೀತಿಗ್ರಂಥಗಳು ಹೇಳುತ್ತವೆ. ಈ ಸ್ನೇಹವು ಮೊದಲಿನಿಂದಲೇ ಒಂದು ಕಡೆಗೆ ವಾಲಿದ ತಕ್ಕಡಿ. ಸೊಗಸೇನೆಂದರೆ, ಕಥೆ ಮುಂದುವರಿದಂತೆ ಆ ಧಣಿಯ ಗುಡಾರ ಬರಿದಾಗಿ, ಬಂಡವಾಳ ಕರಗಿ, ಅವನು ಹುಡುಗಿಯ ತಂದೆಗಿಂತಲೂ ಬಡವನಾದರೂ ಅವಳ ಬಾಯಲ್ಲಿ ಆ ಸಂಬೋಧನೆಯು ಬದಲಾಗುವುದಿಲ್ಲ. ಧಣಿತನ ಹೋಗಿ ಪ್ರೀತಿಯೊಂದೇ ಆ ಮಾತಿನಲ್ಲಿ ಉಳಿಯುತ್ತದೆ. ಕನ್ನಡಕ್ಕೆ ಪರಿವರ್ತಿಸುವವರು ಈ ಒಂದು ಮಾತಿನ ಮೇಲೆ ಒಂದು ದಿನವಾದರೂ ಯೋಚಿಸಬೇಕು.

ಇನ್ನು ತಂದೆ ಚೆಂಬನ್ ಕುಂಞುವಿನ ವಿಚಾರ. ನಮ್ಮ ಅಭಿಪ್ರಾಯದಲ್ಲಿ ಈ ಕಾದಂಬರಿಯ ಶ್ರೇಷ್ಠ ಸೃಷ್ಟಿ ಇವನೇ ಹೊರತು ಪ್ರೇಮಿಗಳಲ್ಲ. ಬೇರೆಯವರ ದೋಣಿಯಲ್ಲಿ ಹುಟ್ಟುಹಾಕಿ ಸವೆದವನು. ಸ್ವಂತ ದೋಣಿ, ಸ್ವಂತ ಬಲೆ ಎಂಬ ಒಂದೇ ಆಸೆಯನ್ನು ಕಟ್ಟಿಕೊಂಡು ಹೆಂಡತಿ ಚಕ್ಕಿಯೊಡನೆ ಕಾಸಿಗೆ ಕಾಸು ಕೂಡಿಸಿದವನು. ಮೀನು ಹಿಡಿಯುವ ಊರಿನಲ್ಲಿ ಈ ಆಸೆಗೆ ಎಷ್ಟು ಅರ್ಥವಿದೆಯೆಂಬುದನ್ನು ಅರಿಯಬೇಕಾದರೆ ಪಾಲಿನ ಲೆಕ್ಕವನ್ನು ತಿಳಿಯಬೇಕು. ಹಿಡಿದ ಮೀನಿನಲ್ಲಿ ದೋಣಿಗೊಂದು ಪಾಲು, ಬಲೆಗೊಂದು ಪಾಲು ತೆಗೆದಿಟ್ಟ ಮೇಲೆ ಉಳಿದುದನ್ನು ದುಡಿದವರೆಲ್ಲ ಹಂಚಿಕೊಳ್ಳುವುದು ವಾಡಿಕೆ. ಮರದ ದೋಣಿಗೆ ಹಸಿವಿಲ್ಲ. ಆದರೂ ಮನುಷ್ಯರಿಗಿಂತ ದೊಡ್ಡ ಪಾಲು ಅದರದು. ಅದಿಲ್ಲದವನು ಎಷ್ಟು ದುಡಿದರೂ ದುಡಿಯುತ್ತಲೇ ಇರುವನು. ಸಾಲದುದಕ್ಕೆ ಆ ತೀರದಲ್ಲಿ ದೋಣಿ ಕೊಳ್ಳುವ ಅಧಿಕಾರವೂ ಎಲ್ಲರಿಗೂ ಇರಲಿಲ್ಲ. ಜಾತಿಯ ಕಟ್ಟಿತ್ತು, ತೀರದ ಯಜಮಾನನಿಗೆ ಕಾಣಿಕೆ ಸಲ್ಲಬೇಕಾಗಿತ್ತು. ಇವೆಲ್ಲವನ್ನೂ ಮೀರಿ ನಿಲ್ಲಲು ಹೊರಟವನನ್ನು ಬರಿಯ ದುರಾಶೆಯವನೆಂದು ತಳ್ಳಿಹಾಕುವುದು ಸರಿಯಲ್ಲ.

ಆದರೆ ಅವನು ಮಾಡಿದುದೇನು? ಕೂಡಿಸಿದ ಹಣ ಸಾಲದೆಹೋದಾಗ, ಮಗಳ ಮೇಲೆ ಆ ಹುಡುಗನಿಗಿರುವ ಮೆಚ್ಚಿಕೆಯು ಅವನಿಗೆ ಕಾಣದಿರಲಿಲ್ಲ. ಅದನ್ನು ಕಂಡೂ ಕಾಣದವನಂತೆ ಮಾಡಿ, ರಾತ್ರಿಯ ಹೊತ್ತು ಪರೀಕುಟ್ಟಿಯ ಗುಡಾರದಿಂದ ಒಣಮೀನಿನ ಮೂಟೆಗಳನ್ನು ಹೊತ್ತು ತಂದು ಮಾರಿಕೊಂಡು, ದೋಣಿಯ ಬೆಲೆಯನ್ನು ಪೂರ್ತಿಮಾಡಿಕೊಂಡನು. ಹಿಡಿದ ಮೀನನ್ನು ಅವನಿಗೇ ಹಾಕುವೆನೆಂಬುದು ಮಾತು. ದೋಣಿ ಬಂದಿತು, ಚಾಕರೆಯೂ ಬಂದಿತು, ಬಲೆ ತುಂಬ ಮೀನೂ ಬಿದ್ದಿತು. ಪರೀಕುಟ್ಟಿ ಬಂದು ಕೇಳಿದಾಗ ಚೆಂಬನ್ ಕುಂಞುವು, ಕೈಮೇಲೆ ಹಣವಿದ್ದರೆ ತೆಗೆದುಕೋ, ಇಲ್ಲದಿದ್ದರೆ ದಾರಿ ಬಿಡು ಎಂಬ ಅರ್ಥದಲ್ಲಿ ನಡೆದುಕೊಂಡು ಮತ್ತೊಬ್ಬನಿಗೆ ಮಾರಿಬಿಟ್ಟನು. ಸಾಲಕ್ಕೆ ಬರಹವಿಲ್ಲ, ಸಾಕ್ಷಿಯಿಲ್ಲ. ಸಾಕ್ಷಿಯಿದ್ದರೆ ಆ ಮಗಳ ಮನಸ್ಸೊಂದೇ. ಬಾಲ್ಯದಿಂದ ಜೊತೆಗಿದ್ದ ನೆರೆಮನೆಯ ಗೆಳೆಯನನ್ನೂ ಇವನು ಇದೇ ದೋಣಿಯ ಕಾರಣದಿಂದ ದೂರಮಾಡಿಕೊಂಡನು. ಈ ಎರಡನೆಯ ಸ್ನೇಹಭಂಗವನ್ನು ತಕಳಿಯವರು ಹೆಚ್ಚು ಬಣ್ಣಿಸುವುದಿಲ್ಲ. ಆದರೂ ಓದುವವರಿಗೆ ಅದು ಮುಳ್ಳಿನಂತೆ ತಾಗುತ್ತದೆ.

ನಮ್ಮ ಪುರಾಣದಲ್ಲಿಯೂ ಒಬ್ಬ ಬೆಸ್ತರ ತಂದೆಯುಂಟು. ಶಂತನು ಮಹಾರಾಜನು ಮತ್ಸ್ಯಗಂಧಿಯನ್ನು ಬೇಡಿಬಂದಾಗ ದಾಶರಾಜನು ಚೌಕಾಶಿ ಮಾಡಿದನಷ್ಟೆ. ಮಗಳ ಮಗನಿಗೆ ಪಟ್ಟ ಬೇಕೆಂದನು. ದೇವವ್ರತನಿಂದ ಆಣೆಯನ್ನೂ ಹಾಕಿಸಿಕೊಂಡನು. ಕಠಿನನೇ ಸರಿ. ಆದರೆ ಅವನು ಕೇಳಿದುದನ್ನು ಬಹಿರಂಗವಾಗಿ ಕೇಳಿದನು, ಮಗಳ ಒಳಿತಿಗಾಗಿ ಕೇಳಿದನು. ಚೆಂಬನ್ ಕುಂಞುವು ಮಗಳ ಹೆಸರೆತ್ತದೆ ಮಗಳನ್ನು ಒತ್ತೆಯಿಟ್ಟನು. ಎರಡರಲ್ಲಿ ಯಾವುದು ಕೀಳೆಂದು ನಾವು ಹೇಳಬೇಕಾಗಿಲ್ಲ.

ಈಗ ಆ ಹುಡುಗಿಯ ಸ್ಥಿತಿಯನ್ನು ಯೋಚಿಸಿ. ತಾನು ನಗುತ್ತ ಕೇಳಿದ ಹಣ. ಅವನು ನಗುತ್ತ ಕೊಟ್ಟ ಹಣ. ಅದು ಮರಳದೆ ಅವನು ಹಾಳಾಗುತ್ತಿರುವುದನ್ನು ಅವಳು ದಿನದಿನವೂ ಗುಡಿಸಲ ಬಾಗಿಲಿನಿಂದ ನೋಡಬೇಕು. ಸಾಮಾನ್ಯವಾದ ಸ್ನೇಹವಾಗಿದ್ದರೆ ಕಾಲಕ್ರಮದಲ್ಲಿ ಸಡಿಲುತ್ತಿತ್ತೇನೋ. ಆದರೆ ಮೋಸಹೋದವನ ಮುಂದೆ ಮೋಸ ಮಾಡಿದವರ ಮಗಳಾಗಿ ನಿಂತವಳು ಅವನನ್ನು ಮರೆಯುವುದಾದರೂ ಹೇಗೆ? ಮದುವೆಯಾಗಿ ಹೋಗುವುದಕ್ಕೆ ಮೊದಲು ಆ ಸಾಲವನ್ನು ತೀರಿಸಿಬಿಡೋಣವೆಂದು ಅವಳು ತಾಯಿಯ ಬಳಿ ಹಟಹಿಡಿಯುವಳು. ಸಾಲ ತೀರಿದರೆ ಋಣ ತೀರೀತು, ಋಣ ತೀರಿದರೆ ಮನಸ್ಸು ಬಿಡಿಸಿಕೊಂಡೀತು ಎಂಬ ಎಣಿಕೆ. ನಮ್ಮ ಭಾಷೆಯಲ್ಲಿ ‘ಋಣಾನುಬಂಧ’ವೆಂಬ ಮಾತನ್ನು ಗಂಡಹೆಂಡಿರ, ಮಕ್ಕಳ, ಸಾಕಿದ ದನಕರುಗಳ ವಿಷಯದಲ್ಲಿಯೂ ಬಳಸುತ್ತೇವೆ, ಬಳಸುವಾಗ ಅದರ ಮೊದಲರ್ಧ ಸಾಲವೆಂಬುದನ್ನು ಮರೆತಿರುತ್ತೇವೆ. ಈ ಕಾದಂಬರಿಯಲ್ಲಿ ಆ ಮಾತು ಅಕ್ಷರಶಃ ನಿಜವಾಗಿದೆ. ಸಾಲ ಮಾತ್ರ ತೀರಲಿಲ್ಲ. ಚೆಂಬನ್ ಕುಂಞುವಿಗೆ ಒಂದು ದೋಣಿ ಸಾಲದೆ ಎರಡನೆಯದು ಬೇಕಾಗಿತ್ತು.

ಕರುತ್ತಮ್ಮನನ್ನು ಕೊಟ್ಟದ್ದು ತೃಕ್ಕುನ್ನಪ್ಪುಳೆಯ ಪಳನಿ ಎಂಬ ಯುವಕನಿಗೆ. ಹಿಂದುಮುಂದಿಲ್ಲದ ಅನಾಥ, ಆದರೆ ಕಡಲಿನ ಮೇಲೆ ಅವನ ಸಮಾನರಿಲ್ಲ. ಮದುವೆಯ ದಿನವೇ ಚಕ್ಕಿ ಕುಸಿದು ಹಾಸಿಗೆ ಹಿಡಿದಳು. ತಾಯಿಯ ಆ ಸ್ಥಿತಿಯಲ್ಲಿಯೇ ಮಗಳು ಗಂಡನ ಹಿಂದೆ ಹೊರಟುಹೋದಳು. ತಂದೆಯು, ಇನ್ನು ಅವಳು ನನ್ನ ಮಗಳಲ್ಲವೆಂದುಬಿಟ್ಟನು. ಅನ್ಯಮತದವನೊಬ್ಬನಲ್ಲಿ ಈಕೆಗೆ ಮನಸ್ಸಿತ್ತೆಂಬ ಸುದ್ದಿಯು ಇವರು ಸೇರುವ ಮೊದಲೇ ಹೊಸ ಊರನ್ನು ಸೇರಿತು.

ಇಲ್ಲಿ ಆ ತೀರದ ನಂಬಿಕೆಯೊಂದನ್ನು ವಾಚಕರಿಗೆ ತಿಳಿಸದಿದ್ದರೆ ಮುಂದಿನದು ಅರ್ಥವಾಗದು. ಮೊಟ್ಟಮೊದಲನೆಯ ಬೆಸ್ತನು ಒಂದು ಮರದ ತುಂಡಿನ ಮೇಲೆ ಕಡಲಿಗೆ ಹೋಗಿ ಬಿರುಗಾಳಿಗೆ ಸಿಕ್ಕಿದಾಗ, ಅವನ ಪತ್ನಿಯು ತೀರದಲ್ಲಿ ಪಡುವಣಕ್ಕೆ ಮುಖಮಾಡಿ ನಿಂತು ತಪಸ್ಸು ಮಾಡಿದಳಂತೆ. ಆ ಪಾತಿವ್ರತ್ಯದ ಬಲದಿಂದ ಅವನು ಮರಳಿದನಂತೆ. ಆದುದರಿಂದ ಕಡಲಿಗೆ ಹೋದ ಗಂಡನ ಪ್ರಾಣವು ತೀರದಲ್ಲಿರುವ ಹೆಂಡತಿಯ ನಡತೆಯಲ್ಲಿದೆ. ಅವಳು ತಪ್ಪಿದರೆ ಕಡಲತಾಯಿಯು ಅವನನ್ನು ನುಂಗುವಳು. ಚಕ್ಕಿಯು ಮಗಳಿಗೆ ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಾಳೆ. ಸಾವಿತ್ರಿಯ ಕಥೆಯನ್ನು ಕೇಳುತ್ತ ಬೆಳೆದ ನಮ್ಮ ಮನೆಗಳವರಿಗೆ ಇದು ಹೊಸದೆನಿಸದು. ಆದರೆ ಒಂದು ಭೇದವುಂಟು. ಸಾವಿತ್ರಿಯು ಗಂಡನನ್ನು ಬದುಕಿಸಿದಳೆಂದು ಹೊಗಳುತ್ತೇವೆಯೇ ಹೊರತು, ಗಂಡ ಸತ್ತ ಹೆಂಗಸೆಲ್ಲ ಸಾವಿತ್ರಿಯಲ್ಲದವಳೆಂದು ಬೆರಳು ತೋರಿಸುವುದಕ್ಕೆ ಆ ಕಥೆಯು ಹುಟ್ಟಿಲ್ಲ. ಕಡಲತೀರದ ಈ ಕಥೆಯನ್ನು ಬೆರಳು ತೋರಿಸುವುದಕ್ಕಾಗಿಯೇ ಬಳಸುತ್ತಾರೆ.

ಗಾಳಿಗೂ ಅಲೆಗೂ ಹೆಂಗಸಿನ ನಡತೆಯು ತಿಳಿಯದು. ೨೦೧೭ರ ನವೆಂಬರ್ ತಿಂಗಳ ಕೊನೆಯಲ್ಲಿ ಓಖಿ ಎಂಬ ಚಂಡಮಾರುತವೆದ್ದಾಗ ಕೇರಳದ ಮತ್ತು ತಮಿಳುನಾಡಿನ ನೂರಾರು ಮಂದಿ ಮೀನುಗಾರರು ಮನೆಗೆ ಮರಳಲಿಲ್ಲ. ಅವರ ಹೆಂಡಿರನ್ನು ಕುರಿತು ಯಾರಾದರೂ ಹಾಗೆ ನುಡಿದಾರೆಯೆ? ಅದಲ್ಲದೆ ಮೀನುಗಾರರ ಹೆಂಗಸರು ಪಡುವಣಕ್ಕೆ ಮುಖಮಾಡಿ ಕಣ್ಮುಚ್ಚಿ ಕುಳಿತಿರುವವರೂ ಅಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ಮೂಡಣ ಊರುಗಳಿಗೆ ನಡೆದು, ಮನೆಮನೆಯ ಮುಂದೆ ನಿಂತು, ಗಂಡಸರೊಡನೆ ದರಕ್ಕೆ ಜಗಳವಾಡಿ ಮಾರಿ, ಅಕ್ಕಿ ತಂದು ಒಲೆ ಹೊತ್ತಿಸುವವರು ಅವರು. ಮಲ್ಪೆ, ಗಂಗೊಳ್ಳಿ, ಹೊನ್ನಾವರಗಳ ಕಡೆಯ ನಮ್ಮ ವಾಚಕರಿಗೆ ಬೂತಾಯಿ ಬಂಗುಡೆಗಳ ಬುಟ್ಟಿ ಹೊತ್ತು ಬರುವ ಮೊಗವೀರ ಹೆಂಗಸರ ಪರಿಚಯವಿದ್ದೇ ಇದೆ. ಅವರ ಎದುರಿಗೆ ಚೌಕಾಶಿ ಮಾಡಿ ಗೆದ್ದ ಯಜಮಾನರು ಎಷ್ಟು ಮಂದಿಯೋ, ಅವರೇ ಹೇಳಬೇಕು.

ತಕಳಿಯವರ ಮೇಲಿರುವ ದೊಡ್ಡ ಆಕ್ಷೇಪಣೆಯು ಈ ನಂಬಿಕೆಯ ವಿಷಯವಾಗಿಯೇ. ಕಥೆಯ ಕೊನೆಯು ಆ ನಂಬಿಕೆಯನ್ನು ನಿಜಮಾಡಿ ತೋರಿಸುತ್ತದೆಯಲ್ಲವೆ? ಪಳನಿಯು ಕಡಲಿನ ಮೇಲಿರುವ ರಾತ್ರಿ ಪರೀಕುಟ್ಟಿಯು ತೃಕ್ಕುನ್ನಪ್ಪುಳೆಯ ತೀರಕ್ಕೆ ಬರುತ್ತಾನೆ; ಕರುತ್ತಮ್ಮನು ಅವನ ಕರೆಗೆ ಓಗೊಟ್ಟು ಹೋಗುತ್ತಾಳೆ; ಅದೇ ಹೊತ್ತಿಗೆ ಪಳನಿಯ ಗಾಳಕ್ಕೆ ದೊಡ್ಡ ಶಾರ್ಕು ಮೀನೊಂದು ಸಿಕ್ಕಿ, ಅದು ಎಳೆದ ಕಡೆಗೆ ದೋಣಿ ಹೋಗಿ, ಅವನು ಸುಳಿಯಲ್ಲಿ ಮುಳುಗುತ್ತಾನೆ. ಎರಡು ದಿನ ಕಳೆದ ಮೇಲೆ ಅಪ್ಪಿಕೊಂಡ ಎರಡು ಹೆಣಗಳು ತೀರಕ್ಕೆ ಬರುತ್ತವೆ. ದೂರದ ಮತ್ತೊಂದು ತೀರದಲ್ಲಿ ಗಾಳ ಕಚ್ಚಿದ ಶಾರ್ಕು ಬಂದು ಬೀಳುತ್ತದೆ. ಹೆಂಡತಿ ತಪ್ಪಿದಳು, ಗಂಡ ಸತ್ತನು ಎಂದು ಲೆಕ್ಕ ಸರಿಹೋಯಿತು. ಓದಿ ಮುಗಿಸಿ ಪುಸ್ತಕ ಮುಚ್ಚುವವರಿಗೆ ಇಷ್ಟೇ ತೋರಿದರೆ ಅದು ಮೂಢನಂಬಿಕೆಗೆ ಒತ್ತಾಸೆಯಾದೀತೆಂಬ ಭಯವು ಅಕಾರಣವಾದುದಲ್ಲ. ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿರುವ ಗೃಹಸ್ಥರು ಈ ಪುಸ್ತಕವನ್ನು ಕೊಡಲು ಹಿಂಜರಿದರೆ, ಪ್ರೇಮದ ಸನ್ನಿವೇಶಗಳಿಗಾಗಿ ಹಿಂಜರಿಯುವುದಕ್ಕಿಂತ ಈ ಕಾರಣಕ್ಕಾಗಿ ಹಿಂಜರಿಯುವುದು ಹೆಚ್ಚು ಮರ್ಯಾದೆಯ ಮಾತು.

ಆದರೆ ನಾವು ಎರಡನೆಯ ಸಾರಿ ಓದಿದಾಗ ನಮಗೆ ಬೇರೊಂದು ಲೆಕ್ಕವು ಕಾಣಿಸಿತು. ಪಳನಿಯು ಆ ರಾತ್ರಿ ಒಬ್ಬನೇ ಏಕಿದ್ದನು? ಆ ತೀರದಲ್ಲಿ ದೊಡ್ಡ ದೋಣಿಗಳು ಅನೇಕರು ಕೂಡಿ ಹೋಗತಕ್ಕವು. ಪಳನಿಯು ಅಂತಹ ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದವನು. ಹೆಂಡತಿಯ ವಿಷಯವಾಗಿ ಊರಿನಲ್ಲಿ ಪಿಸುಮಾತು ಹಬ್ಬಿದ ಮೇಲೆ ಸಂಗಡಿಗರು ಅವನನ್ನು ಚುಚ್ಚಿದರು. ಅಂತಹ ಮನೆಯವನೊಡನೆ ಕಡಲಿಗೆ ಹೋದರೆ ತಮಗೂ ಅಪಾಯವೆಂದು ಹೆದರಿದರು. ಕೊನೆಗೆ ಅವನನ್ನು ದಡದ ಮೇಲೆ ಬಿಟ್ಟು ತಾವು ಹೊರಟುಹೋದರು. ಅನ್ನಕ್ಕೆ ಬೇರೆ ದಾರಿಯಿಲ್ಲದೆ ಪಳನಿಯು ಚಿಕ್ಕದೊಂದು ದೋಣಿಯಲ್ಲಿ ಗಾಳ ಹಾಕಿಕೊಂಡು ಒಂಟಿಯಾಗಿ ಹೋಗತೊಡಗಿದನು. ಹೆಂಡತಿಯು ಆ ಕಾಲದಲ್ಲಿ ಯಾವ ತಪ್ಪನ್ನೂ ಮಾಡಿರಲಿಲ್ಲ; ಅವನ ಮನೆಯನ್ನು ನಡೆಸಿಕೊಂಡು, ಅವನ ಮಗಳನ್ನು ಹೆತ್ತು ಸಾಕುತ್ತಿದ್ದಳು. ಹತ್ತು ಮಂದಿ ಸಂಗಡವಿದ್ದಿದ್ದರೆ ಹಗ್ಗವನ್ನು ಕಡಿಯುವ ಕೈಯೊಂದು, ನೀರಿಗೆ ಬಿದ್ದವನನ್ನು ಎತ್ತುವ ಕೈಯೊಂದು ಇರುತ್ತಿತ್ತು. ಆ ನಂಬಿಕೆಯೇ ಅವನನ್ನು ಒಂಟಿಮಾಡಿ, ಒಂಟಿಯಾಗಿ ಸತ್ತಾಗ ತನ್ನ ಮಾತು ದಿಟವಾಯಿತೆಂದು ಎದ್ದು ನಿಂತಿತು. ತಕಳಿಯವರು ಇದನ್ನು ಉಚ್ಚಕಂಠದಿಂದ ಹೇಳಿಲ್ಲ. ಸಾಕ್ಷಿಗಳನ್ನೆಲ್ಲ ಕ್ರಮವಾಗಿ ಪುಟಗಳಲ್ಲಿಟ್ಟು, ತೀರ್ಪನ್ನು ಮಾತ್ರ ಬರೆಯದೆ ಬಿಟ್ಟಿದ್ದಾರೆ. ವಕೀಲರಲ್ಲವೆ!

ಅವರು ಇದನ್ನು ಇನ್ನಷ್ಟು ಸ್ಪಷ್ಟಪಡಿಸಬಹುದಾಗಿತ್ತು ಎಂಬುದು ನಮ್ಮ ದೂರು. ಪರೀಕುಟ್ಟಿಯ ಪಾತ್ರವೂ ನಮಗೆ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ರಾತ್ರಿಯೆಲ್ಲ ತೀರದಲ್ಲಿ ಕುಳಿತು ಹಾಡುವುದನ್ನು ಬಿಟ್ಟು, ಚೆಂಬನ್ ಕುಂಞುವಿನ ಮನೆಯ ಬಾಗಿಲಲ್ಲಿ ಒಂದು ದಿನವಾದರೂ ಗಟ್ಟಿಯಾಗಿ ನಿಂತು ಹಣ ಕೇಳಿದ್ದರೆ ಅವನಿಗೂ ಮೇಲಾಗುತ್ತಿತ್ತು, ಆ ಹುಡುಗಿಗೂ ಮೇಲಾಗುತ್ತಿತ್ತು. ತ್ಯಾಗವೆಂದು ಅವನು ತಿಳಿದುಕೊಂಡಿದ್ದುದು ಅವಳ ಎದೆಯ ಮೇಲೆ ಹೊರೆಯಾಗಿ ಕುಳಿತಿತು. ಕೊಟ್ಟ ಸಾಲವನ್ನು ಕೇಳದಿರುವುದು ಎಲ್ಲ ಸಮಯಗಳಲ್ಲಿಯೂ ದೊಡ್ಡತನವಲ್ಲ. ಕೆಲವು ವೇಳೆ ಅದು ಎದುರಿನವರನ್ನು ಕಟ್ಟಿಹಾಕುವ ಹಗ್ಗವಾಗುತ್ತದೆ.

ಪಳನಿಯನ್ನು ಮಾತ್ರ ಓದುಗರು ಮರೆಯದಿರಲಿ. ಪ್ರೇಮಕಥೆಗಳಲ್ಲಿ ಗಂಡನೆಂಬವನು ಸಾಮಾನ್ಯವಾಗಿ ದುಷ್ಟನೋ ದಡ್ಡನೋ ಆಗಿರುವನು. ಓದುವವರಿಗೆ ಪ್ರೇಮಿಯ ಪಕ್ಷ ವಹಿಸಲು ಅದರಿಂದ ಅನುಕೂಲ. ಇಲ್ಲಿ ಹಾಗಿಲ್ಲ. ಪಳನಿಯು ಊರಿನ ಬಾಯಿಗೆ ಎದುರು ನಿಂತು ಹೆಂಡತಿಯನ್ನು ಬಿಡದೆ ಇಟ್ಟುಕೊಂಡವನು. ಅವನಿಗೆ ತಾಯಿಲ್ಲ, ತಂದೆಯಿಲ್ಲ. ಸಂಗಡಿಗರೇ ಬಂಧುಗಳು, ಅವರೂ ಬಿಟ್ಟರು. ಕೊನೆಯ ರಾತ್ರಿ ಹೆಂಡತಿಯನ್ನು ನೇರವಾಗಿ ಕೇಳಿ, ಅವಳ ಬಾಯಿಂದಲೇ ನಿಜವನ್ನು ಕೇಳಿಸಿಕೊಂಡು ಕಡಲಿಗೆ ಹೊರಟನು. ಅವನ ಮನಸ್ಸಿನ ಕುದಿಯೂ ಆ ಸುಳಿಯಲ್ಲಿ ಸೇರಿತ್ತು.

ಈ ಕಥೆಯು ನಡೆದ ಬಗೆಯ ಕಡಲುಜೀವನವು ಈಗ ಬಹುಮಟ್ಟಿಗೆ ಮಾರ್ಪಟ್ಟಿದೆ. ಕಾದಂಬರಿ ಬರುವುದಕ್ಕೆ ಮೊದಲೇ, ೧೯೫೨ರಲ್ಲಿ, ನಾರ್ವೆ ದೇಶದೊಡನೆ ಆದ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರೆಯಲ್ಲಿ ಯಂತ್ರದ ದೋಣಿಗಳನ್ನು ರೂಢಿಗೆ ತರುವ ಕೆಲಸವು ಆರಂಭವಾಗಿತ್ತು. ಸಿಗಡಿಯು ಮಂಜುಗಡ್ಡೆಯಲ್ಲಿ ಹುದುಗಿ ಅಮೆರಿಕಕ್ಕೆ ಹೋಗತೊಡಗಿತು. ಬೆಲೆ ಏರಿತು, ದೋಣಿಯ ಬೆಲೆಯೂ ಏರಿತು. ನಮ್ಮ ಕನ್ನಡ ಕರಾವಳಿಯಲ್ಲಿಯೂ ಹತ್ತಾರು ಮನೆಗಳವರು ಕೂಡಿ ತೀರದಿಂದ ಎಳೆಯುತ್ತಿದ್ದ ರಂಪಣಿ ಬಲೆಯು, ೧೯೭೦ರ ದಶಕದಲ್ಲಿ ಯಂತ್ರದ ದೋಣಿಯ ದೊಡ್ಡ ಬಲೆಗಳು ಬಂದ ಮೇಲೆ ಹಿಂದೆ ಸರಿಯಿತು. ಚೆಂಬನ್ ಕುಂಞುವಿನಂತಹವರು ಇಂದು ಬ್ಯಾಂಕಿಗೆ ಹೋಗಬಹುದು. ಹೋದರೂ ತೀರದ ವ್ಯಾಪಾರಿಯ ಮುಂಗಡವು ಪೂರ್ತಿಯಾಗಿ ಇಲ್ಲದಾಗಿಲ್ಲವೆಂದು ಕರಾವಳಿಯ ಗೃಹಸ್ಥರು ಬಲ್ಲರು.

ಅನೇಕರಿಗೆ ‘ಚೆಮ್ಮೀನ್’ ಎಂದೊಡನೆ ನೆನಪಾಗುವುದು ೧೯೬೫ರಲ್ಲಿ ರಾಮು ಕಾರಿಯಾಟರು ನಿರ್ದೇಶಿಸಿದ ಚಲನಚಿತ್ರ. ರಾಷ್ಟ್ರಪತಿಗಳ ಸ್ವರ್ಣಪದಕವು ದಕ್ಷಿಣ ದೇಶದ ಚಿತ್ರವೊಂದಕ್ಕೆ ಮೊದಲ ಬಾರಿಗೆ ಸಂದದ್ದು ಅದಕ್ಕೇ. ಸಲಿಲ್ ಚೌಧರಿಯವರು ಸಂಗೀತ ಕೊಟ್ಟು ಮನ್ನಾ ಡೇಯವರು ಹಾಡಿದ ಹಾಡನ್ನು ಮಲಯಾಳ ಬಾರದವರೂ ಗುನುಗುತ್ತಾರೆ. ಚಿತ್ರವು ಚೆನ್ನಾಗಿದೆ, ಕಡಲು ಅದರಲ್ಲಿ ಕಣ್ಣು ತುಂಬುವಂತಿದೆ. ಆದರೆ ಚಿತ್ರದಲ್ಲಿ ಪ್ರೇಮವು ಮುಂದೆ ಬಂದು ಸಾಲವು ಹಿಂದೆ ಸರಿಯುತ್ತದೆ. ಚಿತ್ರ ನೋಡಿದೆವು, ಪುಸ್ತಕವೇಕೆ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಮನೆಯಲ್ಲಿ ಇದನ್ನು ಯಾರು ಓದಬಹುದು? ಪ್ರೌಢ ವಯಸ್ಸಿನವರೆಲ್ಲರೂ ಓದಬಹುದೆಂದು ನಮ್ಮ ಮತ. ಗಟ್ಟಿಯಾಗಿ ಓದಿ ಎಲ್ಲರೂ ಕೇಳುವುದಾದರೆ ಮೊದಲಿನ ಅಧ್ಯಾಯದ ಕೆಲವು ಸಾಲುಗಳಲ್ಲಿ ಹಿರಿಯರಿಗೆ ಸಂಕೋಚವಾದೀತು. ಆ ಪುಟವನ್ನು ಅವರವರೇ ಓದಿಕೊಳ್ಳಲಿ. ಯಜಮಾನರೂ ಗೃಹಿಣಿಯರೂ ಮಕ್ಕಳಿಗಿಂತ ಮೊದಲು ಓದುವುದು ಮೇಲು. ಮಕ್ಕಳನ್ನು ಕಾಯುವುದಕ್ಕಾಗಿ ಹೀಗೆಂದೆವೆಂದು ತಿಳಿಯಬಾರದು. ಪುಸ್ತಕದ ಮುಖ್ಯ ಮಾತು ತಂದೆತಾಯಿಗಳಿಗೆ ತಾಗುವಂತಹದು.

ಚಕ್ಕಿಯು ತೀರಿಕೊಂಡ ಮೇಲೆ ಚೆಂಬನ್ ಕುಂಞುವು, ತನಗೆ ಮೊದಲು ದೋಣಿ ಮಾರಿದವನ ವಿಧವೆಯಾದ ಪಾಪ್ಪಿಕುಂಞುವನ್ನು ಮನೆಗೆ ತಂದುಕೊಂಡನು. ದೋಣಿ ಕೊಳ್ಳಲು ಹೋದ ದಿನ ಆ ಮನೆಯ ಸೊಗಸನ್ನೂ ಆಕೆಯ ಮೈಬಣ್ಣವನ್ನೂ ಕಂಡು ಆಸೆಪಟ್ಟಿದ್ದನು. ದೋಣಿಯಂತೆ ಅದೂ ಅವನ ಕೈಸೇರಿತು. ಆಕೆಗೆ ಮೊದಲ ಮದುವೆಯ ಮಗನೊಬ್ಬನಿದ್ದನು. ಅವನಿಗೆ ಹಣ ಕೊಡುವ ವಿಷಯದಲ್ಲಿ ಮನೆ ಮುರಿಯಿತು. ಮುದುಕನ ಬುದ್ಧಿ ಕದಡಿತು. ಆಗ ಒಂದು ದಿನ ಅವನು ಹಣದ ಗಂಟನ್ನು ಹಿಡಿದುಕೊಂಡು ಪರೀಕುಟ್ಟಿಯನ್ನು ಹುಡುಕಿಕೊಂಡು ಹೋಗಿ ಅವನ ಕೈಗೆ ಹಾಕಿದನು. ತೆಗೆದುಕೊಂಡವನಿಗೆ ಗುಡಾರವಿರಲಿಲ್ಲ, ವ್ಯಾಪಾರವಿರಲಿಲ್ಲ. ಅವನು ಎದ್ದು, ತೀರ ಹಿಡಿದು ತೃಕ್ಕುನ್ನಪ್ಪುಳೆಯ ಕಡೆಗೆ ನಡೆದನು.